ನೆಗಡಿಯನ್ನು ತಡೆಯಬೇಕಾದವರು ಯಾರು?

ನೆಗಡಿಯಂಥ ಸಣ್ಣ ಕಾಯಿಲೆಯ ಬಗ್ಗೆ ಒಂದು ದತ್ತಿ ಉಪನ್ಯಾಸವೇ ಬೇಕೆ ಎಂದು ತಮ್ಮಲ್ಲಿ ಕೆಲವರಿಗಾದರೂ ಅನ್ನಿಸಿರಬಹುದು. ಬೇಕು ಎಂಬುದು ನನ್ನ ನಂಬಿಕೆ. ಮುಂಗಾರು ಶುರುವಾದ ಕೂಡಲೇ ನಮ್ಮ ಪತ್ರಿಕೆಗಳ ಆರೋಗ್ಯದ ಪುಟಗಳಲ್ಲಿ, ಮನೆಯ ಹಿರಿಯರ ಬಾಯಲ್ಲಿ, ಮೊಬೈಲಿಗೆ ಬರುವ ಸಂದೇಶಗಳಲ್ಲಿ ಒಂದೇ ಬಗೆಯ ಮಾತು ಕೇಳಿಬರುತ್ತದೆ. ಮಳೆಯಲ್ಲಿ ನೆನೆಯಬೇಡಿ, ತಣ್ಣಗಿನದು ಕುಡಿಯಬೇಡಿ, ತಲೆ ಚೆನ್ನಾಗಿ ಒರೆಸಿಕೊಳ್ಳಿ, ಶುಂಠಿ ಮೆಣಸಿನ ಕಷಾಯ ಮಾಡಿಕೊಳ್ಳಿ, ಅಮೃತಬಳ್ಳಿ ತಿನ್ನಿ, ನಿಂಬೆಹಣ್ಣು ಬಿಡಬೇಡಿ. ಈ ಸಲಹೆಗಳಲ್ಲಿ ಕೆಲವು ಒಳ್ಳೆಯವು, ಕೆಲವು ನಿರುಪದ್ರವಿ. ಆದರೆ ಎಲ್ಲವೂ ಇನ್ನೂ ನೆಗಡಿ ಬಾರದವರನ್ನು ಕುರಿತು ಹೇಳಿದ ಮಾತುಗಳು. ನೆಗಡಿ ಬಂದವರು ಏನು ಮಾಡಬೇಕು ಎಂದು ಕೇಳಿದರೆ ಸಿಗುವ ಉತ್ತರ ಅವರ ಗಂಟಲಿಗೂ ಮೂಗಿಗೂ ಸಂಬಂಧಿಸಿದ್ದು. ಪಕ್ಕದಲ್ಲಿ ಕೂತವರ ವಿಷಯ ಅದರಲ್ಲಿ ಬರುವುದೇ ಇಲ್ಲ. ಈ ಕಾಯಿಲೆ ಒಬ್ಬರಿಂದ ಇನ್ನೊಬ್ಬರಿಗೆ ಮಾತ್ರ ಬರುವಂಥದ್ದು. ಆದ್ದರಿಂದ ಅದನ್ನು ತಡೆಯುವ ಅಭ್ಯಾಸಗಳು ಮೊದಲು ಕಾಯಿಲೆ ಬಂದವರಲ್ಲಿ ಇರಬೇಕು, ಅವರಿಗೆ ಹಾಗೆ ನಡೆದುಕೊಳ್ಳಲು ಅವಕಾಶ ಕೊಡುವ ಅಥವಾ ಕೊಡದಿರುವ ಅಧಿಕಾರ ಯಾರ ಕೈಯಲ್ಲಿದೆಯೋ ಅವರಲ್ಲಿ ಇರಬೇಕು. ಇವತ್ತು ನಾನು ವಾದಿಸಬೇಕೆಂದಿರುವುದು ಇಷ್ಟನ್ನೇ.

ಮೊದಲು ನೆಗಡಿ, ಫ್ಲೂ ಎಂಬ ಎರಡು ಕಾಯಿಲೆಗಳನ್ನು ಬಿಡಿಸಿ ನೋಡೋಣ. ನೆಗಡಿ ಎಂದು ನಾವು ಕರೆಯುವುದನ್ನು ಉಂಟುಮಾಡುವ ವೈರಸ್‌ಗಳು ಇನ್ನೂರಕ್ಕೂ ಹೆಚ್ಚು. ಅವುಗಳಲ್ಲಿ ಮುಖ್ಯವಾದ ರೈನೋವೈರಸ್ ಒಂದರಲ್ಲೇ 160ಕ್ಕೂ ಹೆಚ್ಚು ಬಗೆಗಳಿವೆ. ಇಂದಿಗೂ ನೆಗಡಿಗೆ ಲಸಿಕೆ ಬರದಿರುವುದಕ್ಕೂ, ಒಮ್ಮೆ ಬಂದು ಹೋದವರಿಗೆ ಮತ್ತೆ ಮತ್ತೆ ಬರುವುದಕ್ಕೂ ಇದೇ ಮುಖ್ಯ ಕಾರಣ. ದೊಡ್ಡವರಿಗೆ ವರ್ಷಕ್ಕೆ ಎರಡು ಮೂರು ಸಲ, ಸಣ್ಣ ಮಕ್ಕಳಿಗೆ ಆರರಿಂದ ಎಂಟು ಸಲ ನೆಗಡಿಯಾಗುವುದು ಸಾಮಾನ್ಯ. ಫ್ಲೂ ಬೇರೆ. ಅದು ಇನ್‌ಫ್ಲುಯೆಂಜಾ ವೈರಸ್‌ನದು. ಮನುಷ್ಯರ ಇನ್‌ಫ್ಲುಯೆಂಜಾ ವೈರಸ್ಸನ್ನು ಲಂಡನ್ನಿನ ವಿಜ್ಞಾನಿಗಳು 1933ರಲ್ಲಿ ಬೇರ್ಪಡಿಸಿದರು. ಬೆಳಿಗ್ಗೆ ಚೆನ್ನಾಗಿದ್ದವರು ಸಂಜೆಗೆ ಜ್ವರ, ಮೈಕೈ ನೋವಿನಲ್ಲಿ ಮಲಗಿಬಿಡುವುದು ಫ್ಲೂವಿನ ಲಕ್ಷಣ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಪ್ರತಿವರ್ಷ ಜಗತ್ತಿನಲ್ಲಿ 2.9 ಲಕ್ಷದಿಂದ 6.5 ಲಕ್ಷ ಜನ ಇದರ ಉಸಿರಾಟದ ತೊಡಕುಗಳಿಂದ ಸಾಯುತ್ತಾರೆ. 1918ರ ಮಹಾಮಾರಿಯಲ್ಲಿ ಅವಿಭಜಿತ ಭಾರತವೊಂದರಲ್ಲೇ ಕೋಟಿಗೂ ಮೀರಿ ಜನ ತೀರಿಕೊಂಡರು. 1911ರ ಜನಗಣತಿಗಿಂತ 1921ರ ಜನಗಣತಿಯಲ್ಲಿ ದೇಶದ ಜನಸಂಖ್ಯೆ ಕಡಿಮೆಯಾಗಿತ್ತು. ಅಂಥ ಇಳಿಕೆ ಆಮೇಲೆ ಯಾವ ದಶಕದಲ್ಲೂ ಆಗಿಲ್ಲ. ಯುರೋಪು ಅಮೆರಿಕಗಳಲ್ಲಿ ಫ್ಲೂ ಚಳಿಗಾಲದ ಕಾಯಿಲೆ. ಕಾಶ್ಮೀರದಲ್ಲೂ ಹಾಗೆಯೇ. ನಮ್ಮ ಕಡೆ ಅದು ಹೆಚ್ಚಾಗುವುದು ಮಳೆಗಾಲದಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಕೆಲವು ವರ್ಷ ಜನವರಿಯಿಂದ ಮಾರ್ಚ್‌ವರೆಗೆ ಇನ್ನೊಂದು ಸುತ್ತು ಬರುತ್ತದೆ. ಅಂದರೆ ಶಾಲೆಗಳು ಬಾಗಿಲು ತೆರೆಯುವ ಹೊತ್ತಿಗೇ ಫ್ಲೂವಿನ ಕಾಲವೂ ಶುರುವಾಗುತ್ತದೆ. ಈ ಸಂಗತಿಯನ್ನು ದಯವಿಟ್ಟು ನೆನಪಿನಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಮಳೆಯಲ್ಲಿ ನೆನೆಯುವ ಪ್ರಶ್ನೆ. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕಿ ಮುಂದೆ ಹೋಗುವುದು ಸುಲಭ, ಆದರೆ ಅದು ನ್ಯಾಯವಲ್ಲ. ಇಂಗ್ಲೆಂಡಿನ ಸಾಲ್ಸ್‌ಬರಿಯಲ್ಲಿ 1946ರಿಂದ ನಾಲ್ಕು ದಶಕಕ್ಕೂ ಹೆಚ್ಚು ಕಾಲ ನೆಗಡಿಯ ಅಧ್ಯಯನಕ್ಕೆಂದೇ ಒಂದು ಕೇಂದ್ರ ನಡೆಯಿತು. ಸ್ವಯಂಸೇವಕರು ಹತ್ತು ದಿನದ ಮಟ್ಟಿಗೆ ಅಲ್ಲಿಗೆ ಬಂದು, ಮೂಗಿಗೆ ವೈರಸ್ ಹಾಕಿಸಿಕೊಂಡು ಉಳಿಯುತ್ತಿದ್ದರು. ಒದ್ದೆ ಬಟ್ಟೆಯಲ್ಲಿ, ಗಾಳಿ ಬೀಸುವ ಜಾಗದಲ್ಲಿ ನಿಲ್ಲಿಸಿ ನೋಡಿದಾಗಲೂ ಚಳಿಯಿಂದಲೇ ನೆಗಡಿ ಬರುತ್ತದೆಂದು ತೋರಿಸಲು ಅಲ್ಲಿನವರಿಗೆ ಸಾಧ್ಯವಾಗಲಿಲ್ಲ. ಆದರೆ 2005ರಲ್ಲಿ ಕಾರ್ಡಿಫ್ ವಿಶ್ವವಿದ್ಯಾಲಯದವರು 180 ಜನರ ಮೇಲೆ ಒಂದು ಪರೀಕ್ಷೆ ಮಾಡಿದರು. ಅರ್ಧದಷ್ಟು ಜನ ಇಪ್ಪತ್ತು ನಿಮಿಷ ತಣ್ಣೀರಿನಲ್ಲಿ ಕಾಲಿಟ್ಟು ಕೂತರು. ಮುಂದಿನ ನಾಲ್ಕೈದು ದಿನಗಳಲ್ಲಿ ಅವರಲ್ಲಿ ನೂರಕ್ಕೆ 29 ಮಂದಿಗೆ ನೆಗಡಿಯ ಲಕ್ಷಣ ಕಂಡಿತು, ಕಾಲು ನೆನೆಸದವರಲ್ಲಿ ನೂರಕ್ಕೆ 9 ಮಂದಿಗೆ. ತಣ್ಣಗಾದ ಮೂಗಿನಲ್ಲಿ ರೈನೋವೈರಸ್ ಹೆಚ್ಚು ಸಲೀಸಾಗಿ ಬೆಳೆಯುತ್ತದೆ ಎನ್ನಲು ಪ್ರಯೋಗಾಲಯದ ಆಧಾರವೂ ಇದೆ. ಹಾಗಾಗಿ ಅಜ್ಜಿಯ ಮಾತು ಪೂರ್ತಿ ಸುಳ್ಳಲ್ಲ. ಮೂಗಿನಲ್ಲಿ ಆಗಲೇ ಬಂದು ಕೂತ ವೈರಸ್‌ಗೆ ಮೈ ತಣ್ಣಗಾಗುವುದು ಒಂದು ಅನುಕೂಲ ಮಾಡಿಕೊಡಬಹುದು. ಆದರೆ ವೈರಸ್ ಮೂಗಿಗೆ ಬಂದದ್ದು ಎಲ್ಲಿಂದ? ಉತ್ತರ ಧ್ರುವದ ಹತ್ತಿರದ ಸ್ಪಿಟ್ಸ್‌ಬರ್ಗೆನ್ ದ್ವೀಪದಲ್ಲಿ ಇದಕ್ಕೆ ಉತ್ತರ ಸಿಗುತ್ತದೆ. ಅಲ್ಲಿನ ಗಣಿ ಊರೊಂದರ ಬಗ್ಗೆ 1933ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಕಡಲು ಹೆಪ್ಪುಗಟ್ಟಿ ಹಡಗುಗಳು ನಿಂತುಹೋದ ಕಡು ಚಳಿಗಾಲದ ತಿಂಗಳುಗಳಲ್ಲಿ ಆ ಊರಿನಲ್ಲಿ ನೆಗಡಿ ಬಹುಮಟ್ಟಿಗೆ ನಿಂತೇಹೋಗುತ್ತಿತ್ತು. ಬೇಸಿಗೆಯ ಹೊಸ್ತಿಲಲ್ಲಿ ವರ್ಷದ ಮೊದಲ ಹಡಗು ಬಂದು ತಂಗಿದ ಕೆಲವೇ ದಿನಗಳಲ್ಲಿ ಊರಿಗೆ ಊರೇ ಮೂಗು ಸೋರಿಸಿಕೊಂಡು ಓಡಾಡುತ್ತಿತ್ತು. ಚಳಿ ಇದ್ದಾಗ ಇಲ್ಲದ ಕಾಯಿಲೆ ಜನ ಬಂದಾಗ ಬಂತು. ನನಗೆ ತಿಳಿದಂತೆ ಈ ವಿಷಯದಲ್ಲಿ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಇನ್ನೊಂದಿಲ್ಲ.

ಜನರಿಂದ ಬರುವುದು ಹೇಗೆ ಎಂಬ ಪ್ರಶ್ನೆಗೆ ಎರಡು ದಾರಿಗಳನ್ನು ಹೇಳುತ್ತಾರೆ, ಕೈ ಮತ್ತು ಗಾಳಿ. ಇವೆರಡರಲ್ಲಿ ಕೈಗೆ ನಾವು ಕೊಟ್ಟಿರುವ ಗಮನ ದೊಡ್ಡದು, ಗಾಳಿಗೆ ಕೊಟ್ಟಿರುವುದು ತೀರ ಕಡಿಮೆ. ಕೈಯ ಪಾತ್ರ ಸುಳ್ಳಲ್ಲ. ನೆಗಡಿಯಾದವರ ಕೈ ಮುಟ್ಟಿ ತಮ್ಮ ಮೂಗು ಕಣ್ಣು ಮುಟ್ಟಿಕೊಂಡವರಿಗೆ ಕಾಯಿಲೆ ಅಂಟುವುದನ್ನು ವರ್ಜೀನಿಯಾದ ಸಂಶೋಧಕರು 1970ರ ದಶಕದಲ್ಲಿ ತೋರಿಸಿದರು. ಕರಾಚಿಯ ಬಡ ಬಡಾವಣೆಗಳಲ್ಲಿ ನಡೆದು 2005ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಸೋಪು ಕೊಟ್ಟು ಕೈ ತೊಳೆಯುವುದನ್ನು ರೂಢಿ ಮಾಡಿಸಿದ ಮನೆಗಳಲ್ಲಿ ಐದು ವರ್ಷದೊಳಗಿನ ಮಕ್ಕಳ ನ್ಯುಮೋನಿಯಾ ಅರ್ಧಕ್ಕೆ ಇಳಿದಿತ್ತು. ಇದು ಸಾಧಾರಣ ಫಲವಲ್ಲ. ಆದರೆ ಬೇರೆ ಬೇರೆ ದೇಶಗಳ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ ಕೈ ತೊಳೆಯುವುದರಿಂದ ಉಸಿರಾಟದ ಸೋಂಕುಗಳು ತಗ್ಗುವುದು ಸುಮಾರು ನೂರಕ್ಕೆ ಹದಿನಾಲ್ಕರಷ್ಟು. ಉಳಿದದ್ದು ಎಲ್ಲಿಂದ ಬರುತ್ತದೆ? ವಿಸ್ಕಾನ್ಸಿನ್‌ನಲ್ಲಿ ನಡೆದು 1987ರಲ್ಲಿ ಪ್ರಕಟವಾದ ಪ್ರಯೋಗವೊಂದು ಇದಕ್ಕೆ ಉತ್ತರ ಹುಡುಕಿತು. ನೆಗಡಿಯಾದವರನ್ನೂ ಆರೋಗ್ಯವಂತರನ್ನೂ ಒಂದೇ ಕೋಣೆಯಲ್ಲಿ ಗಂಟೆಗಟ್ಟಲೆ ಇಸ್ಪೀಟು ಆಡಿಸಿದರು. ಆರೋಗ್ಯವಂತರಲ್ಲಿ ಕೆಲವರ ಕೈ ಮುಖಕ್ಕೆ ತಾಗದಂತೆ ತಡೆ ಕಟ್ಟಿದ್ದರು. ಕೈ ಮುಖಕ್ಕೆ ಹೋಗದಿದ್ದವರಿಗೂ ಉಳಿದವರಷ್ಟೇ ನೆಗಡಿಯಾಯಿತು. ಫ್ಲೂವಿಗೆ ಇದಕ್ಕಿಂತ ಭಯ ಹುಟ್ಟಿಸುವ ನಿದರ್ಶನ 1977ರ ಅಲಾಸ್ಕಾದ್ದು. ಎಂಜಿನ್ ಕೆಟ್ಟು ಗಂಟೆಗಟ್ಟಲೆ ನೆಲದ ಮೇಲೇ ನಿಂತ ವಿಮಾನವೊಂದರಲ್ಲಿ 54 ಜನರಿದ್ದರು, ಗಾಳಿ ಬದಲಾಯಿಸುವ ವ್ಯವಸ್ಥೆ ಕೆಲಸ ಮಾಡುತ್ತಿರಲಿಲ್ಲ. ಒಬ್ಬ ಪ್ರಯಾಣಿಕರಿಗೆ ಫ್ಲೂ ಇತ್ತು. ಮೂರು ದಿನದೊಳಗೆ ನೂರಕ್ಕೆ 72 ಮಂದಿ ಕಾಯಿಲೆ ಬಿದ್ದರು. ಜುಲೈ ತಿಂಗಳ ಜಡಿಮಳೆಯಲ್ಲಿ ಗಾಜುಗಳನ್ನೆಲ್ಲ ಎಳೆದುಕೊಂಡು ಹೋಗುವ ನಮ್ಮ ಬಸ್ಸು, ಹತ್ತು ಮಕ್ಕಳ ಜಾಗದಲ್ಲಿ ಹದಿನೆಂಟು ಮಕ್ಕಳನ್ನು ತುಂಬಿಕೊಂಡ ಶಾಲೆಯ ವ್ಯಾನು, ಎರಚಲು ಬರುತ್ತದೆಂದು ಕಿಟಕಿ ಮುಚ್ಚಿದ ತರಗತಿ, ಎ.ಸಿ. ಹಾಕಿ ಬಾಗಿಲು ಬಿಗಿದ ಕಚೇರಿ, ಇವೆಲ್ಲ ಆ ವಿಮಾನದಿಂದ ಬಹಳ ದೂರದಲ್ಲಿಲ್ಲ. ಗಾಳಿ ಬೀಸುವ ಪಕ್ಕದ ಕಿಟಕಿ ಮುಚ್ಚಿದರೂ ಎದುರು ಪಕ್ಕದ್ದನ್ನು ತೆರೆದಿಡಲು ಒಬ್ಬ ಮೇಷ್ಟ್ರಿಗೆ ಖರ್ಚೇನೂ ಇಲ್ಲ.

ಮೈಯಲ್ಲಿ ಶಕ್ತಿ ಇದ್ದರೆ ಯಾವ ಕಾಯಿಲೆಯೂ ಬರುವುದಿಲ್ಲ ಎಂಬ ವಾದವನ್ನು ಇಲ್ಲಿ ಎದುರಿಸಲೇಬೇಕು, ಏಕೆಂದರೆ ನಮ್ಮ ಮಾರುಕಟ್ಟೆಯಲ್ಲಿ ಇದರ ಮೇಲೆಯೇ ದೊಡ್ಡ ವ್ಯಾಪಾರ ನಿಂತಿದೆ. ಎರಡು ಬಾರಿ ನೊಬೆಲ್ ಪಡೆದ ಲೈನಸ್ ಪಾಲಿಂಗ್ 1970ರಲ್ಲಿ ವಿಟಮಿನ್ ಸಿ ಪರವಾಗಿ ಪುಸ್ತಕ ಬರೆದರು. ಆಮೇಲೆ ನಡೆದ ಹತ್ತಾರು ಪ್ರಯೋಗಗಳು ಹೇಳಿದ್ದು ಬೇರೆ. ದಿನವೂ ಅದನ್ನು ನುಂಗುವ ಸಾಮಾನ್ಯ ಜನರಲ್ಲಿ ನೆಗಡಿ ಬರುವುದು ಕಡಿಮೆಯಾಗಲಿಲ್ಲ, ಬಂದದ್ದು ತುಸು ಬೇಗ ಹೋಯಿತು ಅಷ್ಟೆ. ಮ್ಯಾರಥಾನ್ ಓಟಗಾರರು, ಹಿಮದಲ್ಲಿ ತರಬೇತಿ ಪಡೆಯುವ ಸೈನಿಕರಂಥವರಿಗೆ ಮಾತ್ರ ಪ್ರಯೋಜನ ಕಂಡಿತು. ಕಷಾಯ ಗಂಟಲಿಗೆ ಹಿತ, ಕುಡಿಯಿರಿ. ಅದು ಸೋಂಕನ್ನು ತಡೆಯುತ್ತದೆಂಬ ನೆಚ್ಚಿಕೆಯಿಂದ ಜಾತ್ರೆಗೆ ಹೋಗಬೇಡಿ. ಬಾಯಿ ಮುಕ್ಕಳಿಸುವುದರ ಬಗ್ಗೆ ಜಪಾನಿನಲ್ಲಿ ನಡೆದ ಒಂದು ಪ್ರಯೋಗ ಒಳ್ಳೆಯ ಫಲ ಕೊಟ್ಟಿದೆ, ಅಲ್ಲಿ ಔಷಧಿಯ ನೀರಿಗಿಂತ ಬರಿಯ ನೀರೇ ಮೇಲಾಯಿತು. ಮೈಯ ಶಕ್ತಿಯ ವಿಷಯದಲ್ಲಿ ಗಟ್ಟಿಯಾದ ಆಧಾರ ಇರುವುದು ನಿದ್ದೆಗೆ. ಅಮೆರಿಕದಲ್ಲಿ ಸ್ವಯಂಸೇವಕರ ಮೂಗಿಗೆ ವೈರಸ್ ಹಾಕಿ ನೋಡಿದ ಅಧ್ಯಯನದಲ್ಲಿ, ರಾತ್ರಿ ಏಳು ಗಂಟೆಗಿಂತ ಕಡಿಮೆ ಮಲಗುವವರಿಗೆ ಎಂಟು ಗಂಟೆ ಮಲಗುವವರಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ನೆಗಡಿಯಾಯಿತು. ಆದರೆ ನಿದ್ದೆಯೂ ಪೂರ್ತಿ ಅವರವರ ಕೈಯಲ್ಲಿಲ್ಲ. ಬೆಳಗಿನ ಐದಕ್ಕೆ ಎದ್ದು ಟ್ಯೂಷನ್ನಿಗೆ ಹೋಗುವ ಹುಡುಗಿ, ರಾತ್ರಿ ಪಾಳಿಯ ಗಾರ್ಮೆಂಟ್ ಕೆಲಸಗಾರರು, ಎರಡು ಮನೆ ಮುಸುರೆ ಮುಗಿಸಿ ತಮ್ಮ ಮನೆಗೆ ಬಂದು ಅಡುಗೆ ಮಾಡುವ ಹೆಂಗಸು, ಇವರಿಗೆ ಎಂಟು ಗಂಟೆ ನಿದ್ದೆ ಮಾಡಿ ಎಂದು ಬುದ್ಧಿ ಹೇಳಿ ಏನು ಫಲ?

ಹಾಗಾದರೆ ನೆಗಡಿ ಬಂದವರಿಂದ ನಾನು ಕೇಳುವುದೇನು? ಮೂಗು ಸುರಿಯಲು ಶುರುವಾದ ಮೊದಲ ಎರಡು ಮೂರು ದಿನ ವೈರಸ್ ಅತಿ ಹೆಚ್ಚಾಗಿ ಹೊರಬೀಳುವ ಕಾಲ. ಆ ದಿನಗಳಲ್ಲಿ ಸಾಧ್ಯವಿದ್ದಷ್ಟೂ ಮನೆಯಲ್ಲಿ ಇರಬೇಕು. ಜ್ವರವಿದ್ದರೆ, ಮಾತ್ರೆ ಇಲ್ಲದೆಯೇ ಜ್ವರ ಬಿಟ್ಟು ಒಂದು ಇಡೀ ದಿನ ಕಳೆಯುವವರೆಗೆ ಹೊರಗೆ ಹೋಗಬಾರದು. ಮಾತ್ರೆ ಇಲ್ಲದೆಯೇ ಎಂಬ ಮಾತನ್ನು ಒತ್ತಿ ಹೇಳುತ್ತೇನೆ. ಬೆಳಿಗ್ಗೆ ಪ್ಯಾರಾಸಿಟಮಾಲ್ ಸಿರಪ್ ಕುಡಿಸಿ, ಹಣೆ ತಣ್ಣಗಾದದ್ದು ನೋಡಿ, ಮಗುವನ್ನು ವ್ಯಾನು ಹತ್ತಿಸುವುದು ಇವತ್ತು ಊರೂರಲ್ಲಿ ನಡೆಯುತ್ತಿದೆ. ಆ ಸಿರಪ್ ಜ್ವರವನ್ನು ಇಳಿಸುತ್ತದೆ, ವೈರಸ್ಸನ್ನು ಮುಟ್ಟುವುದೂ ಇಲ್ಲ. ಹೊರಗೆ ಹೋಗಲೇಬೇಕಾದರೆ ಮಾಸ್ಕ್ ಹಾಕಿಕೊಳ್ಳಬೇಕು. ಸೀನು ಬಂದರೆ ಅಂಗೈಗೆ ಸೀನುವ ಬದಲು ಮೊಣಕೈ ಮಡಿಚಿ ಅದಕ್ಕೆ ಸೀನಬೇಕು. ರಸ್ತೆಯಲ್ಲಿ ಕ್ಯಾಕರಿಸಿ ಉಗಿಯುವುದನ್ನು ಬಿಡಬೇಕು. ಮನೆಯೊಳಗೆ ಬೇರೆ ಟವೆಲ್ಲು, ಬೇರೆ ಲೋಟ, ಸಾಧ್ಯವಾದರೆ ಬೇರೆ ಹಾಸಿಗೆ. ಅಜ್ಜ ಅಜ್ಜಿಯ ಮಗ್ಗುಲಲ್ಲಿ ಮಲಗುವ ಮೊಮ್ಮಗುವಿಗೆ ಕೆಮ್ಮು ಬಂದರೆ ನಾಲ್ಕು ರಾತ್ರಿ ಬೇರೆ ಕಡೆ ಮಲಗಿಸುವುದು ಅವರಿಗೆ ತೋರುವ ಪ್ರೀತಿಯೇ. ಇನ್ನೊಂದು, ಬಾಣಂತಿ ಮನೆ. ಮಗು ನೋಡಲು ಹೋಗದಿದ್ದರೆ ತಪ್ಪು ತಿಳಿಯುತ್ತಾರೆಂದು ಗಂಟಲು ಕೆರೆಯುತ್ತಿರುವಾಗಲೇ ಹೋಗಿ ಮಗುವನ್ನು ಎತ್ತಿ ಮುದ್ದಿಸುವವರು ಇದ್ದಾರೆ. ಆರು ತಿಂಗಳೊಳಗಿನ ಕೂಸಿಗೆ ಫ್ಲೂ ಲಸಿಕೆ ಹಾಕುವಂತಿಲ್ಲ. ಅದನ್ನು ಕಾಯಬೇಕಾದವರು ಸುತ್ತಲಿನವರೇ. ನೆಗಡಿಯಾಗಿದೆ, ಮುಂದಿನ ವಾರ ಬರುತ್ತೇನೆ ಎಂದು ಫೋನಿನಲ್ಲಿ ಹೇಳುವುದು ಮರ್ಯಾದೆಯ ನಡೆ ಎಂದು ನಮ್ಮ ಮನೆಗಳಲ್ಲಿ ಒಪ್ಪಿಗೆಯಾಗಬೇಕು.

ಇದಕ್ಕೆ ಮೂರು ಆಕ್ಷೇಪಗಳು ಬರುತ್ತವೆ. ಫ್ಲೂ ಲಕ್ಷಣ ಕಾಣುವ ಒಂದು ದಿನ ಮೊದಲೇ ಹರಡಲು ಶುರುವಾಗುತ್ತದಲ್ಲ, ಮನೆಯಲ್ಲಿ ಕೂತು ಏನು ಬಂತು ಎನ್ನುವುದು ಮೊದಲನೆಯದು. ಸಂಗತಿ ನಿಜ, ತೀರ್ಮಾನ ಸರಿಯಲ್ಲ. ಮೊದಲ ದಿನದ ಹರಡುವಿಕೆಯನ್ನು ತಡೆಯಲಾಗದು ಎಂಬುದು ಮುಂದಿನ ಐದಾರು ದಿನ ಹರಡಲು ಪರವಾನಗಿ ಆಗುವುದಿಲ್ಲ, ಅದರಲ್ಲೂ ಕೆಮ್ಮು ಸೀನು ಜೋರಾಗಿರುವುದು ಆ ದಿನಗಳಲ್ಲೇ. ಕಾಯಿಲೆಯನ್ನು ಪೂರ್ತಿ ನಿಲ್ಲಿಸಬಹುದೆಂದು ನಾನು ಹೇಳುತ್ತಿಲ್ಲ. ಒಬ್ಬರಿಂದ ಮೂವರಿಗೆ ಹೋಗುವುದು ಒಬ್ಬರಿಗೆ ಇಳಿದರೆ ಸಾಕು, ಒಂದು ಮಳೆಗಾಲದಲ್ಲಿ ಆಸ್ಪತ್ರೆ ಸೇರುವ ವೃದ್ಧರ ಸಂಖ್ಯೆ ಬದಲಾಗುತ್ತದೆ.

ಎರಡನೆಯದು ಮಕ್ಕಳ ಬಗ್ಗೆ. ಸಣ್ಣವರಿಗೆ ನೆಗಡಿ ಬಂದು ಹೋಗಲಿ, ಗಟ್ಟಿಯಾಗುತ್ತಾರೆ ಎಂಬ ಮಾತು. ಎಷ್ಟೇ ಎಚ್ಚರದಲ್ಲಿದ್ದರೂ ಅವರಿಗೆ ನೆಗಡಿ ಬಂದೇ ಬರುತ್ತದೆ, ಅದರ ಬಗ್ಗೆ ಅತಿಯಾಗಿ ಹೆದರಬೇಕಿಲ್ಲ. ಆದರೆ ಮಗುವಿನ ನೆಗಡಿ ಮಗುವಿನಲ್ಲೇ ಉಳಿಯುವುದಿಲ್ಲ. ಜಪಾನು 1960ರ ದಶಕದಿಂದ ಶಾಲಾ ಮಕ್ಕಳಿಗೆ ಸಾಮೂಹಿಕವಾಗಿ ಫ್ಲೂ ಲಸಿಕೆ ಹಾಕಿತು, ಕೆಲಕಾಲ ಅದು ಕಡ್ಡಾಯವೂ ಆಗಿತ್ತು. 1994ರ ಹೊತ್ತಿಗೆ ಕಾರ್ಯಕ್ರಮ ನಿಂತಿತು. ನಿಂತ ಮೇಲೆ ಚಳಿಗಾಲದ ಸಾವುಗಳು ಏರಿದವು, ಸತ್ತವರಲ್ಲಿ ಹೆಚ್ಚಿನವರು ಮುದುಕರು. 2001ರಲ್ಲಿ ಈ ಅಂಕಿಗಳನ್ನು ಪರಿಶೀಲಿಸಿದ ಸಂಶೋಧಕರು, ಮಕ್ಕಳಿಗೆ ಹಾಕಿದ ಲಸಿಕೆ ವರ್ಷಕ್ಕೆ ಸುಮಾರು 37,000ದಿಂದ 49,000 ಸಾವುಗಳನ್ನು ತಡೆದಿತ್ತು ಎಂದು ಲೆಕ್ಕ ಹಾಕಿದರು. ಲಸಿಕೆ ಚುಚ್ಚಿಸಿಕೊಂಡವರು ಮೊಮ್ಮಕ್ಕಳು, ಬದುಕಿದವರು ಅಜ್ಜ ಅಜ್ಜಿಯರು. ನಮ್ಮಲ್ಲಿ ಫ್ಲೂ ಲಸಿಕೆ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಸೇರಿಲ್ಲ, ಬೇಕಾದವರು ದುಡ್ಡು ಕೊಟ್ಟು ಹಾಕಿಸಿಕೊಳ್ಳಬೇಕು. ವೈರಸ್ ಬದಲಾಗುವುದರಿಂದ ಅದನ್ನು ವರ್ಷವರ್ಷವೂ ಹಾಕಿಸಬೇಕು, ಹೊಂದಾಣಿಕೆ ಚೆನ್ನಾಗಿದ್ದ ವರ್ಷವೂ ಅದು ಫ್ಲೂವಿನ ಅಪಾಯವನ್ನು ನೂರಕ್ಕೆ 40ರಿಂದ 60ರಷ್ಟು ತಗ್ಗಿಸುತ್ತದೆ, ಅದಕ್ಕಿಂತ ಹೆಚ್ಚಿಲ್ಲ. ಆದರೂ ಗರ್ಭಿಣಿಯರು, ಅರವತ್ತೈದು ದಾಟಿದವರು, ಸಕ್ಕರೆ ಕಾಯಿಲೆ, ಆಸ್ತಮಾ, ಹೃದಯದ ತೊಂದರೆ ಇರುವವರು ಮಳೆಗಾಲಕ್ಕೆ ಮೊದಲೇ ವೈದ್ಯರನ್ನು ಕೇಳಿ ಹಾಕಿಸಿಕೊಳ್ಳುವುದು ಒಳ್ಳೆಯದು. ಗರ್ಭಿಣಿ ಹಾಕಿಸಿಕೊಂಡರೆ ಹುಟ್ಟುವ ಕೂಸಿಗೂ ಮೊದಲ ತಿಂಗಳುಗಳಲ್ಲಿ ರಕ್ಷಣೆ ಸಿಗುತ್ತದೆ.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗಟ್ಟಿಯಾದದ್ದು. ಕೂಲಿ ಬಿಟ್ಟು ಮನೆಯಲ್ಲಿ ಕೂತರೆ ಊಟ ಹಾಕುವವರು ಯಾರು? ಇದಕ್ಕೆ ಆರೋಗ್ಯ ಶಿಕ್ಷಣದಲ್ಲಿ ಉತ್ತರವಿಲ್ಲ, ಕಾನೂನಿನಲ್ಲಿ ಸ್ವಲ್ಪ ಇದೆ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಕಾಯಿಲೆ ಮುಂತಾದ ಕಾರಣಕ್ಕೆ ವರ್ಷಕ್ಕೆ ಹನ್ನೆರಡು ದಿನದವರೆಗೆ ಸಂಬಳಸಹಿತ ರಜೆ ಕೊಡುತ್ತದೆ. ಇ.ಎಸ್.ಐ. ಇರುವವರಿಗೆ ಕಾಯಿಲೆಯ ದಿನಗಳಲ್ಲಿ ವೇತನದ ನೂರಕ್ಕೆ 70 ಭಾಗ ಸಿಗುತ್ತದೆ. ಆದರೆ ಹೋಟೆಲಿನಲ್ಲಿ ತಟ್ಟೆ ತೆಗೆಯುವ ಹುಡುಗ, ಕಟ್ಟಡದ ಕೆಲಸದವರು, ಮನೆಗೆಲಸದವರು, ಮನೆ ಬಾಗಿಲಿಗೆ ಊಟ ತಂದುಕೊಡುವವರು, ಇವರಲ್ಲಿ ಹೆಚ್ಚಿನವರಿಗೆ ಎರಡೂ ತಲುಪುವುದಿಲ್ಲ. ನಮ್ಮ ಅನ್ನ, ನಮ್ಮ ಮಕ್ಕಳು, ನಮ್ಮ ಪಾತ್ರೆ ಎಲ್ಲವೂ ಇವರ ಕೈಯಲ್ಲೇ ಇರುವಾಗ ಇವರ ರಜೆ ನಮ್ಮದೇ ಆರೋಗ್ಯದ ವಿಷಯ. ಅಮೆರಿಕದ ಕೆಲವು ನಗರಗಳು ಸಂಬಳಸಹಿತ ಕಾಯಿಲೆ ರಜೆಯನ್ನು ಕಡ್ಡಾಯ ಮಾಡಿದ ಮೇಲೆ ಅಲ್ಲಿ ಫ್ಲೂ ಪ್ರಮಾಣ ತಗ್ಗಿದ್ದನ್ನು ಅರ್ಥಶಾಸ್ತ್ರಜ್ಞರು ದಾಖಲಿಸಿದ್ದಾರೆ. ಮನೆಗೆಲಸದವರು ಕೆಮ್ಮುತ್ತಾ ಬಂದಾಗ, ಸಂಬಳ ಹಿಡಿಯುವುದಿಲ್ಲ, ಮೂರು ದಿನ ಬಿಟ್ಟು ಬನ್ನಿ ಎಂದು ಹೇಳಲು ಯಾವ ಕಾಯ್ದೆಯೂ ಬೇಕಿಲ್ಲ. ಮನೆಯ ಅಡುಗೆ ಮಾಡುವ ಹೆಂಗಸಿಗಂತೂ ಯಾವ ಕಾಯ್ದೆಯೂ ರಜೆ ಕೊಡದು. ಅವರಿಗೆ ಜ್ವರ ಬಂದ ದಿನ ಮನೆಯ ಗಂಡಸರು ಒಲೆ ಹಚ್ಚುವುದು ಅವರಿಗೆ ವಿಶ್ರಾಂತಿ, ಇಡೀ ಮನೆಗೆ ಸೋಂಕಿನ ತಡೆ.

ಶಾಲೆಗಳು ಮತ್ತು ಕಚೇರಿಗಳು ತಮಗೆ ತಿಳಿಯದೆಯೇ ನೆಗಡಿಯನ್ನು ಸಾಕುತ್ತಿರುವ ಎರಡು ರೂಢಿಗಳಿವೆ. ವರ್ಷವಿಡೀ ಒಂದು ದಿನವೂ ತಪ್ಪಿಸದೆ ಬಂದ ಮಗುವಿಗೆ ವಾರ್ಷಿಕೋತ್ಸವದಲ್ಲಿ ಬಹುಮಾನ ಕೊಡುವುದು ಒಂದು. ಜ್ವರ ಬಂದರೂ ಬಾ ಎಂದು ಮಗುವಿಗೆ ಕಲಿಸುವ ಬಹುಮಾನ ಅದು, ಅದೂ ಫ್ಲೂ ತಿಂಗಳುಗಳಲ್ಲೇ ತೆರೆಯುವ ಶಾಲೆಯಲ್ಲಿ. ಒಂದೆರಡು ದಿನದ ರಜೆಗೂ ವೈದ್ಯರ ಸರ್ಟಿಫಿಕೇಟು ತರಬೇಕೆನ್ನುವುದು ಇನ್ನೊಂದು. ಮಲಗಬೇಕಾದವರು ಎದ್ದು ಹೋಗಿ ಕ್ಲಿನಿಕ್ಕಿನ ಇಕ್ಕಟ್ಟಾದ ಬೆಂಚಿನ ಮೇಲೆ, ಎದೆನೋವಿನ ಹಿರಿಯರ ಮತ್ತು ಹಸುಗೂಸುಗಳ ನಡುವೆ ಗಂಟೆಗಟ್ಟಲೆ ಕೂರುತ್ತಾರೆ. ಅಲ್ಲಿಗೆ ಹೋದ ಮೇಲೆ ಬರಿಗೈಯಲ್ಲಿ ಬರಬಾರದೆಂದು ಆಂಟಿಬಯೋಟಿಕ್ ಬರೆಸಿಕೊಂಡು ಬರುತ್ತಾರೆ. ವೈರಸ್‌ಗೆ ಆ ಮಾತ್ರೆ ನಾಟುವುದಿಲ್ಲ, ನಾಳೆ ನಿಜವಾಗಿ ಬೇಕಾದಾಗ ಅದು ಕೆಲಸ ಮಾಡದಂತಾಗುತ್ತದೆ. ಉಸಿರು ಕಟ್ಟಿದರೆ, ಎದೆ ಹಿಡಿದರೆ, ಮಗು ಹಾಲು ಕುಡಿಯದಿದ್ದರೆ, ಬಿಟ್ಟ ಜ್ವರ ಮತ್ತೆ ಬಂದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಬರಿಯ ನೆಗಡಿಗೆ ಬೇಕಾದದ್ದು ಹಾಸಿಗೆ, ಬಿಸಿನೀರು, ಗಂಜಿ ಮತ್ತು ಮೂರು ದಿನ.

ಈ ಸಭೆಯಲ್ಲಿ ಮುಖ್ಯೋಪಾಧ್ಯಾಯರು, ಅಂಗಡಿ ಮಾಲೀಕರು, ಕಚೇರಿಯ ಅಧಿಕಾರಿಗಳು, ಮನೆಗಳ ಹಿರಿಯರು ಇದ್ದೀರಿ. ನನ್ನ ವಿನಂತಿ ತಮ್ಮಲ್ಲಿ. ಮುಂದಿನ ಮುಂಗಾರು ಬರುವ ಮೊದಲು ಪೂರ್ಣ ಹಾಜರಾತಿಯ ಬಹುಮಾನವನ್ನು ನಿಲ್ಲಿಸಿ. ಮೂರು ದಿನದ ಕಾಯಿಲೆ ರಜೆಯನ್ನು ಸರ್ಟಿಫಿಕೇಟು ಕೇಳದೆ, ಸಂಬಳ ಹಿಡಿಯದೆ ಕೊಡಿ. ಪ್ರತಿ ಕೋಣೆಯಲ್ಲೂ ಒಂದು ಕಿಟಕಿಯನ್ನಾದರೂ ತೆರೆದಿಡುವ ಜವಾಬ್ದಾರಿಯನ್ನು ಒಬ್ಬರಿಗೆ ಹೆಸರು ಹಿಡಿದು ವಹಿಸಿ.